ಕೆಂಪು ವಾಷರಿನ ವರ್ಷ

ಮೊನ್ನೆ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದಾಗ ಸೀಮೆಎಣ್ಣೆಯ ವಾಸನೆ ಬಂತು. ಈಗ ನಮ್ಮ ಕಡೆ ಯಾರ ಮನೆಯಲ್ಲೂ ಸೀಮೆಎಣ್ಣೆ ಇಲ್ಲ. ತಿರುಗಿ ನೋಡಿದರೆ ಕಲ್ಲುಬೆಂಚಿನ ಹತ್ತಿರ ಒಬ್ಬ ಹುಡುಗಿ ತನ್ನ ರೇಸ್ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಹಳೇ ಬ್ರಷ್ಷಿನಿಂದ ಚೈನು ತೊಳೆಯುತ್ತಿದ್ದಳು. ನಾನು ನಿಂತುಬಿಟ್ಟೆ.

"ಏನ್ ಆಂಟಿ, ಸೈಕಲ್ ನೋಡ್ತಿದ್ದೀರಾ?"

"ಇದ್ರಲ್ಲಿ ಗೇರ್ ಎಲ್ಲಿದೆಯಮ್ಮಾ?"

ಅವಳು ಬ್ರೇಕಿನ ಹಿಡಿಯನ್ನೇ ತೋರಿಸಿದಳು. "ಇಲ್ಲೇ ಆಂಟಿ. ಒತ್ತಿದ್ರೆ ಟಕ್ ಅಂತ ಕೂತ್ಕೊಳತ್ತೆ. ಆಮೇಲೆ ಅಲ್ಲಾಡಲ್ಲ."

"ನಮ್ದು ಜಾರ್ತಿತ್ತು" ಎಂದೆ. ಅವಳು ಏನೂ ಅರ್ಥವಾಗದೆ ಸುಮ್ಮನೆ ನಕ್ಕಳು. ನಾನು ಮುಂದೆ ನಡೆದೆ. ಆದರೆ ಆ ವಾಸನೆ ಮನೆಯವರೆಗೂ ಜೊತೆಗೇ ಬಂತು. ನನ್ನ ಇಪ್ಪತ್ತನೇ ವಯಸ್ಸಿನ ವರ್ಷ ಪೂರ್ತಿ ಆ ವಾಸನೆಯಲ್ಲಿ ಅದ್ದಿಕೊಂಡಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಶ್ರೀನಗರದ ಒಂದು ವಠಾರದಲ್ಲಿ. ಅಪ್ಪಾಜಿ, ಅಮ್ಮ, ನಾನು, ಮತ್ತು ಗಂಡ ತೀರಿಕೊಂಡ ಮೇಲೆ ತಿಪಟೂರಿನಿಂದ ಬಂದು ನಮ್ಮಲ್ಲೇ ಉಳಿದುಕೊಂಡಿದ್ದ ಅಪ್ಪಾಜಿಯ ಅಕ್ಕ ಗಂಗತ್ತೆ. ಅಪ್ಪಾಜಿ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿಗೆ ಮೆಷಿನ್ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ವಾಪಸು ಹೋಗುವಾಗ ತನ್ನ ಹಳೇ ರೇಸ್ ಸೈಕಲನ್ನು ಅಪ್ಪಾಜಿಗೆ ಕೊಟ್ಟು ಹೋಗಿದ್ದ. ನೀಲಿ ಬಣ್ಣ, ಬಾಗಿದ ಹ್ಯಾಂಡಲ್ಲು, ಬೆರಳಿನಷ್ಟೇ ಸಣ್ಣ ಟೈರು. ಅಪ್ಪಾಜಿ ಅದನ್ನು ನಡುಮನೆಯ ಗೋಡೆಗೆ ಎರಡು ಮೊಳೆ ಹೊಡೆದು ನೇತುಹಾಕಿದ್ದರು. ದೇವರಪಟಕ್ಕಿಂತ ಮೇಲೆ ಹಾಕಿದ್ದೀಯ ಎಂದು ಗಂಗತ್ತೆ ದಿನವೂ ಗೊಣಗುತ್ತಿದ್ದಳು.

ನನಗಿಂತ ಮೊದಲು ಹುಟ್ಟಿದ ಗಂಡುಮಗು ಉಳಿದಿರಲಿಲ್ಲ. ಅದು ಉಳಿದಿದ್ದರೆ ನನ್ನನ್ನು ಆ ಸೈಕಲ್ಲಿನ ಹತ್ತಿರಕ್ಕೂ ಯಾರೂ ಬಿಡುತ್ತಿರಲಿಲ್ಲ. ಇದನ್ನು ಗಂಗತ್ತೆ ನನ್ನೆದುರಿಗೇ ಹೇಳುತ್ತಿದ್ದಳು, ಅಪ್ಪಾಜಿ ಇಲ್ಲವೆನ್ನುತ್ತಿರಲಿಲ್ಲ. ಪಿಯುಸಿ ಮುಗಿಸಿದ ವರ್ಷ ಒಂದು ಭಾನುವಾರ ಅವರು ಸೈಕಲನ್ನು ಗೋಡೆಯಿಂದ ಇಳಿಸಿ, ಸೀಟನ್ನು ತಗ್ಗಿಸಿ, "ಹತ್ತು" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಜಯನಗರದ ಕಾಲೇಜಿಗೆ ಸೇರಿ ಎರಡು ವರ್ಷ ಕಳೆಯುವಷ್ಟರಲ್ಲಿ ಊರಿನ ಸಣ್ಣಪುಟ್ಟ ರೇಸುಗಳಲ್ಲಿ ನನ್ನ ಹೆಸರು ಕೇಳತೊಡಗಿತ್ತು. ಥಾಮಸ್ ಸಾರ್ ಎಂಬ ಕೋಚ್ ಒಬ್ಬರು ಮನೆಗೇ ಬಂದು, ದಸರಾ ಕಳೆದ ಮೇಲೆ ರಾಜ್ಯದ ತಂಡಕ್ಕೆ ಆಯ್ಕೆ ನಡೆಯುತ್ತದೆ, ಮೂವರು ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ನಿಮ್ಮ ಮಗಳನ್ನು ತಯಾರು ಮಾಡಿ ಎಂದು ಹೇಳಿಹೋದರು. ಅಂದಿನಿಂದ ಆ ಮಳೆಗಾಲ ಶುರುವಾಯಿತು.

ಸೈಕಲ್ಲಿನಲ್ಲಿ ಒಂದೇ ಕಾಯಿಲೆಯಿತ್ತು. ಆಗಿನ ರೇಸ್ ಸೈಕಲ್ಲುಗಳಲ್ಲಿ ಗೇರ್ ಬದಲಾಯಿಸಲು ಹ್ಯಾಂಡಲ್ಲಿನಿಂದ ಕೆಳಕ್ಕೆ ಇಳಿಯುವ ಓರೆ ಕೊಳವೆಯ ಎರಡೂ ಪಕ್ಕ ಬೆರಳುದ್ದದ ಎರಡು ಲಿವರುಗಳಿರುತ್ತಿದ್ದವು. ಅವು ಟಕ್ಕೆಂದು ಎಲ್ಲೂ ಕೂರುತ್ತಿರಲಿಲ್ಲ. ಒಳಗೆ ಒಂದರ ಮೇಲೊಂದು ಪೇರಿಸಿದ ವಾಷರುಗಳ ಬಿಗಿಯೊಂದೇ ಅವನ್ನು ಹಿಡಿದು ನಿಲ್ಲಿಸುತ್ತಿತ್ತು. ಹಿಂಚಕ್ರದ ಸ್ಪ್ರಿಂಗು ತಂತಿಯನ್ನು ಸದಾ ಎಳೆಯುತ್ತಲೇ ಇರುತ್ತದೆ. ವಾಷರು ಸವೆದು ನುಣ್ಣಗಾದರೆ ಬಲಗಡೆಯ ಲಿವರು ತಾನಾಗಿ ಮುಂದಕ್ಕೆ ಜಾರುತ್ತದೆ, ಚೈನು ಹಗುರ ಗೇರಿನಿಂದ ಭಾರದ ಗೇರಿಗೆ ಧಡಕ್ಕೆಂದು ಬೀಳುತ್ತದೆ. ಏರು ಹತ್ತುವಾಗ, ಎದ್ದು ನಿಂತು ಮೈಭಾರವನ್ನೆಲ್ಲ ಪೆಡಲ್ಲಿನ ಮೇಲೆ ಹಾಕಿದಾಗ ಹಾಗಾದರೆ ಕಾಲಡಿಯ ಮೆಟ್ಟಿಲನ್ನೇ ಯಾರೋ ಎಳೆದುಕೊಂಡಂತೆ. ನಮ್ಮ ಸೈಕಲ್ಲಿನ ಲಿವರುಗಳನ್ನು ಆ ಎಂಜಿನಿಯರು ಅವನ ದೇಶದ ಬೆಟ್ಟಗಳಲ್ಲೇ ಸವೆಸಿಬಿಟ್ಟಿದ್ದ. ಬದಲಿ ಸಾಮಾನು ಇಲ್ಲಿ ಎಲ್ಲೂ ಸಿಗುತ್ತಿರಲಿಲ್ಲ.

ಅಪ್ಪಾಜಿ ಮೊಪೆಡ್ಡಿನಲ್ಲಿ ನನ್ನ ಹಿಂದೆ ಬರುತ್ತಿದ್ದರು. ಶ್ರೀನಗರದಿಂದ ಬನಶಂಕರಿ, ಜೆ.ಪಿ. ನಗರದ ಕಡೆಯ ಕಟ್ಟಡ ಮುಗಿದ ಮೇಲೆ ರಾಗಿ ಹೊಲ, ಆಮೇಲೆ ಬನ್ನೇರುಘಟ್ಟದ ರಸ್ತೆ ಹಿಡಿದು ಗೊಟ್ಟಿಗೆರೆ ಕಡೆಗೆ. ಅವರ ಕೈಯಲ್ಲಿ ಒಂದು ಬೆತ್ತ ಇರುತ್ತಿತ್ತು. ನನಗೆ ಹೊಡೆಯುತ್ತಿರಲಿಲ್ಲ, ಹಿಂದಿನ ಮಡ್‌ಗಾರ್ಡಿಗೆ ಹೊಡೆಯುತ್ತಿದ್ದರು. ಆ ಸದ್ದಿಗೆ ಬೆನ್ನು ತಾನಾಗಿ ಬಾಗುತ್ತಿತ್ತು.

"ಲಿವರ್ ಜಾರ್ತಿದೆ ಅಪ್ಪಾಜಿ" ಎಂದು ಕೂಗಿದರೆ, "ಕೈಲಿ ಹಿಡ್ಕೊಂಡು ತುಳಿ!" ಎನ್ನುತ್ತಿದ್ದರು. ಒಂದು ಕೈ ಹ್ಯಾಂಡಲ್ಲಿನ ಮೇಲೆ, ಒಂದು ಕೈ ಲಿವರಿನ ಮೇಲೆ, ನಾನು ಗೊಟ್ಟಿಗೆರೆ ಏರನ್ನು ಹಾಗೇ ಹತ್ತುತ್ತಿದ್ದೆ.

ಮೊದಲು ಅವರು ಹಳೇ ಚಪ್ಪಲಿಯ ತೊಗಲನ್ನು ಕತ್ತರಿಸಿ ವಾಷರು ಮಾಡಿದರು. ಒಣಗಿದ್ದಾಗ ತೊಗಲು ಚೆನ್ನಾಗಿ ಕಚ್ಚಿ ಹಿಡಿಯಿತು. ಒಂದು ವಾರ ನಾನು ಹಾರಾಡಿದೆ. ಆಮೇಲೆ ಒಂದು ಬೆಳಿಗ್ಗೆ ಅದೇ ಏರಿನಲ್ಲಿ ಮಳೆ ಹಿಡಿಯಿತು. ತೊಗಲು ನೆನೆದು ಮೆತ್ತಗಾಗಿ ಲಿವರು ಕೈಬಿಟ್ಟಿತು, ಚೈನು ಬಿತ್ತು, ಸೈಕಲ್ಲಿನ ಜೊತೆ ನಾನೂ ರಸ್ತೆಗೆ ಬಿದ್ದೆ. ಮಂಡಿಯ ಚರ್ಮ ಅಂಗೈಯಗಲ ಸುಲಿದುಹೋಗಿತ್ತು. ಅಪ್ಪಾಜಿ ಮೊಪೆಡ್ಡನ್ನು ನಿಲ್ಲಿಸಿ ಓಡಿಬಂದರು. ಬಂದವರು ನನ್ನನ್ನು ದಾಟಿ ಹೋಗಿ ಸೈಕಲನ್ನು ಎತ್ತಿದರು. ಲಿವರನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ, ಸ್ಕ್ರೂವನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ಅಪ್ಪಾಜಿ, ರಕ್ತ ಬರ್ತಿದೆ."

"ಮಂಡಿ ತಾನೇ, ವಾಸಿ ಆಗತ್ತೆ. ಈ ಸ್ಕ್ರೂ ಮರೆ ಸವೆದು ಹೋದ್ರೆ ನಾನು ಎಲ್ಲಿಂದ ತರ್ಲಿ?"

ರಾಗಿ ಹೊಲದ ಬದುವಿನಲ್ಲಿ ಗೋಣಿಕೊಪ್ಪೆ ಹೊದ್ದು ನಿಂತಿದ್ದ ಹೆಂಗಸೊಬ್ಬಳು ಅದನ್ನು ಕೇಳಿಸಿಕೊಂಡು, "ಏನ್ ಮನುಷ್ಯನಪ್ಪಾ ಇವ್ನು" ಎಂದಳು. ನನಗೆ ಆಗ ಸಿಟ್ಟು ಬಂದದ್ದು ಅವಳ ಮೇಲೆ. ನನ್ನ ಅಪ್ಪಾಜಿಯನ್ನು ಆಡಿಕೊಳ್ಳಲು ಇವಳು ಯಾರು ಅಂತ.

ಯಾಕೆಂದರೆ ಆ ಮಳೆಗಾಲದ ಭಾನುವಾರಗಳು ನನ್ನ ಜೀವನದ ಅತಿ ಸುಖದ ಹೊತ್ತುಗಳು. ತಿಂಡಿ ಮುಗಿಸಿ ಇಬ್ಬರೂ ನಡುಮನೆಯಲ್ಲಿ ಹಳೇ ಪೇಪರು ಹಾಸಿಕೊಂಡು ಕೂರುತ್ತಿದ್ದೆವು. ಒಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಸೀಮೆಎಣ್ಣೆ. ಲಿವರನ್ನು ಬಿಚ್ಚಿ, ಒಂದೊಂದೇ ತುಂಡನ್ನು ಅದರಲ್ಲಿ ಮುಳುಗಿಸಿ, ಹಳೇ ಪಂಚೆಯ ಚಿಂದಿಯಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದೆ. ಯಾವುದು ಯಾವುದರ ಮೇಲೆ ಎಂಬುದು ತಪ್ಪಬಾರದು. ತಪ್ಪಿದರೆ ಅಪ್ಪಾಜಿ ಎಲ್ಲವನ್ನೂ ಕೈಯಲ್ಲಿ ಕಲೆಸಿ, "ಮೊದ್ಲಿಂದ ಇಡು" ಎನ್ನುತ್ತಿದ್ದರು. ಲಿವರಿನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ತೆಳು ಹಿತ್ತಾಳೆ ತಗಡನ್ನು ಸುತ್ತಿ ಅದರೊಳಗೆ ತೂರಿಸಿ ಗಟ್ಟಿ ಮಾಡಿದೆವು. ಉಕ್ಕಿನ ಬಿಲ್ಲೆಗಳನ್ನು ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಿ ಮಟ್ಟ ಮಾಡಿದೆವು. ಟ್ಯೂಬಿನ ರಬ್ಬರನ್ನು ಹಾಕಿ ನೋಡಿದೆವು, ಎಣ್ಣೆ ಕುಡಿದು ಉಬ್ಬಿಕೊಂಡಿತು. ಹಿತ್ತಾಳೆಯ ವಾಷರು ಎರಡು ದಿನದಲ್ಲೇ ಕನ್ನಡಿಯಂತೆ ಹೊಳಪಾಗಿ ಜಾರತೊಡಗಿತು.

ಕೊನೆಗೆ ದಾರಿ ಸಿಕ್ಕಿದ್ದು ಹನುಮಂತನಗರದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವಾಗ ನಡುವೆ ಹಾಕುವ ಕೆಂಪು ಫೈಬರ್ ಶೀಟಿನ ತುಂಡುಗಳು ಅಲ್ಲಿ ಬಿದ್ದಿದ್ದವು. ಕಾಗದದಂಥದ್ದೇ, ಆದರೆ ಕೊಂಬಿನಷ್ಟು ಗಟ್ಟಿ. ನಾನು ಕೈಗೆತ್ತಿಕೊಂಡು ಉಗುರಿನಿಂದ ಗೀರಿ ನೋಡಿ, "ಇದು ಅಪ್ಪಾಜಿ" ಎಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಮನೆಗೆ ತಂದು ತೂತು ಹೊಡೆಯುವ ಪಂಚಿನಿಂದ ಬಿಲ್ಲೆ ಕತ್ತರಿಸಿ, ಅಂಚನ್ನು ಉಜ್ಜಿ, ಒಂದಿಷ್ಟೂ ಎಣ್ಣೆ ತಾಗಿಸದೆ ಕೂರಿಸಿದೆವು. ಲಿವರು ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು, ಬಿಟ್ಟ ಜಾಗದಲ್ಲಿ ಕಲ್ಲಿನಂತೆ ನಿಂತಿತು. ಗೊಟ್ಟಿಗೆರೆ ಏರಿನಲ್ಲಿ ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ಎದ್ದು ನಿಂತು, ಮಳೆಯಲ್ಲೇ ಹತ್ತಿದೆ. ಹಿಂದೆ ಬೆತ್ತದ ಸದ್ದಿರಲಿಲ್ಲ. ತಿರುಗಿ ನೋಡಿದರೆ ಅಪ್ಪಾಜಿ ಮೊಪೆಡ್ಡಿನಲ್ಲಿ ಒಬ್ಬರೇ ನಗುತ್ತಾ ಬರುತ್ತಿದ್ದರು.

ವಾರಗಟ್ಟಲೆ ಆ ವಾಷರು ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಲಿವರನ್ನು ಕೈಯಲ್ಲಿ ಹಿಡಿದುಕೊಳ್ಳುವ ಅಭ್ಯಾಸವೇ ನನಗೆ ಬಿಟ್ಟುಹೋಯಿತು.

ಗೌರಿ ಹಬ್ಬದ ಹೊತ್ತಿಗೆ ಗಂಗತ್ತೆ ಒಂದು ಸಂಬಂಧ ತಂದಳು. ತುಮಕೂರಿನ ಕಡೆಯವರು, ನಮ್ಮವರೇ, ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ಅಪ್ಪಾಜಿ ಅಂಥ ಮನೆಯನ್ನು ಕನಸಿನಲ್ಲೂ ಎಣಿಸಿರಲಿಲ್ಲ. ನೋಡಲು ಬಂದ ದಿನ ಸೈಕಲನ್ನು ಗೋಡೆಯಿಂದ ಇಳಿಸಿ ಪಕ್ಕದ ಮನೆಯಲ್ಲಿ ಬಚ್ಚಿಟ್ಟರು. ಗೋಡೆಯ ಎರಡು ಮೊಳೆ ಮಾತ್ರ ಉಳಿದವು.

ಹುಡುಗನ ತಾಯಿ ಉಪ್ಪಿಟ್ಟು ತಿಂದು, ಕೈ ತೊಳೆದು, ನನ್ನನ್ನು ಹತ್ತಿರ ಕೂರಿಸಿಕೊಂಡರು. ಸೀರೆಯ ಮೇಲಿಂದಲೇ ನನ್ನ ಮೀನಖಂಡವನ್ನು ಒತ್ತಿ ನೋಡಿದರು. ಸಂತೆಯಲ್ಲಿ ದನದ ತೊಡೆ ಒತ್ತುತ್ತಾರಲ್ಲ, ಹಾಗೆ.

"ಗಂಡಸ್ರ ಕಾಲು ಇದ್ದಂಗಿದೆಯಲ್ಲಮ್ಮ" ಎಂದರು. ಆಮೇಲೆ ಅಪ್ಪಾಜಿಯ ಕಡೆ ತಿರುಗಿ, "ಸೈಕಲ್ ರೇಸು ಅಂತ ಕೇಳಿದ್ವಿ. ಕಾಲೇಜಲ್ಲಿ ಎಲ್ಲ ಆಡ್ತಾರೆ, ಅದಿರ್ಲಿ. ಆದ್ರೆ ಅದೇನೋ ಸೆಲೆಕ್ಷನ್ನು, ಪರಸ್ಥಳದಲ್ಲಿ ಕ್ಯಾಂಪು, ಗಂಡಸ್ರ ಜೊತೆ ತಿಂಗಳುಗಟ್ಟಲೆ ಇರೋದು ಅಂದ್ರೆ ನಮಗೆ ಬೇಡ. ಈಗ್ಲೇ ಹೇಳ್ಬಿಡಿ."

ನಾನು ಅಪ್ಪಾಜಿಯ ಮುಖ ನೋಡಿದೆ. ಅವರು ತಂಬಿಗೆಯಿಂದ ನೀರು ಕುಡಿದು ಬಾಯಿ ಒರೆಸಿಕೊಂಡರು. "ಅದಕ್ಕೇನ್ ಯೋಚ್ನೆ ಮಾಡ್ಬೇಡಿ ತಾಯಿ. ಅವಳು ಸೆಲೆಕ್ಟ್ ಆಗಲ್ಲ" ಎಂದು ನಕ್ಕರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ಅವರು ಹೋದ ಮೇಲೆ ಕೇಳಿದೆ. "ಯಾಕಪ್ಪಾಜಿ ಹಂಗಂದ್ರಿ?"

"ಬಂದೋರ ಮುಂದೆ ಇನ್ನೇನ್ ಹೇಳ್ಬೇಕಿತ್ತು? ಮಾತಿಗೆ ಅಂದೆ. ನೀನು ತುಳಿಯೋದು ತುಳಿ."

ನಾನು ನಂಬಿದೆ. ಮರುದಿನ ಬೆಳಿಗ್ಗೆ ಅವರೇ ಎಬ್ಬಿಸಿದರು, ಅವರೇ ಟೈರಿಗೆ ಗಾಳಿ ಹೊಡೆದರು.

ಆಯ್ಕೆಯ ಹಿಂದಿನ ದಿನ ಮಧ್ಯಾಹ್ನ ಗಂಗತ್ತೆ ನನ್ನನ್ನು ಜಯನಗರದ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋದಳು. ತುಮಕೂರಿನವರು ಒಪ್ಪಿಗೆ ಹೇಳಿ ಕಳಿಸಿದ್ದರು, ನಿಶ್ಚಿತಾರ್ಥಕ್ಕೆ ಬಳೆ ತೆಗೆಯಬೇಕಂತೆ. ಅಂಗಡಿಯಿಂದ ಅಂಗಡಿಗೆ ಸುತ್ತಿಸಿ, ಒಂದೂ ಬಳೆ ಕೊಳ್ಳದೆ, ದೀಪ ಹಚ್ಚುವ ಹೊತ್ತಿಗೆ ವಾಪಸು ಕರೆತಂದಳು. ಮನೆಯಲ್ಲಿ ಸೀಮೆಎಣ್ಣೆ ವಾಸನೆ ಇತ್ತು. "ಚೈನ್ ತೊಳ್ದೆ" ಎಂದರು ಅಪ್ಪಾಜಿ.

ರೇಸು ಕನಕಪುರ ರಸ್ತೆಯಲ್ಲಿ. ಹೋಗಿ ತಿರುಗಿ ಬರಬೇಕು, ಮುಗಿಯುವುದು ಒಂದು ಏರಿನ ತುದಿಯಲ್ಲಿ. ಬೇರೆ ಬೇರೆ ಜಿಲ್ಲೆಗಳಿಂದ ಹುಡುಗಿಯರು ಬಂದಿದ್ದರು. ಅವರಲ್ಲಿ ಬಿಜಾಪುರದ ಕಡೆಯ ನೀಲವ್ವ ಎಂಬವಳನ್ನು ನಾನು ಇವತ್ತಿಗೂ ಮರೆತಿಲ್ಲ. ಸಾಲಿನಲ್ಲಿ ನನ್ನ ಪಕ್ಕ ನಿಂತು ನಮ್ಮ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಭಾರೀ ಐತಲ್ಲ ನಿನ್ ಗಾಡಿ. ಅಷ್ಟ್ ಜೋರ್ ಹೊಡೀಬ್ಯಾಡ, ನಮಗೂ ಸ್ವಲ್ಪ ಬಿಡು" ಎಂದು ಕಣ್ಣು ಹೊಡೆದಳು.

ಹೋಗುವ ದಾರಿ ಸಮತಟ್ಟು, ಇಳಿಜಾರು. ಭಾರದ ಗೇರಿನಲ್ಲೇ ತುಳಿದದ್ದರಿಂದ ಏನೂ ಗೊತ್ತಾಗಲಿಲ್ಲ. ವಾಪಸು ಬರುವಾಗ ನಾನು, ನೀಲವ್ವ, ಮತ್ತಿಬ್ಬರು ಮುಂದಿದ್ದೆವು. ಕೊನೆಯ ಏರು ಕಂಡಾಗ ಬಲಗೈ ಇಳಿಸಿ ಲಿವರನ್ನು ಎಳೆದೆ. ಅದು ನನಗೆ ಗೊತ್ತಿದ್ದಕ್ಕಿಂತ ಸಲೀಸಾಗಿ ಬಂತು. ಒಂದು ಕ್ಷಣ ಬೆರಳಿಗೆ ಅನುಮಾನ ಬಂತು, ತಲೆಗೆ ಬರಲಿಲ್ಲ. ಗೇರು ಹಗುರವಾಯಿತು. ಎರಡೂ ಕೈಯಲ್ಲಿ ಹ್ಯಾಂಡಲ್ಲು ಬಿಗಿಹಿಡಿದು ಎದ್ದು ನಿಂತೆ. ನೀಲವ್ವ ಪಕ್ಕದಿಂದ ಹಿಂದಕ್ಕೆ ಸರಿದಳು. ಏರಿನ ತುದಿಯಲ್ಲಿ ಜನ, ಅವರ ನಡುವೆ ಅಪ್ಪಾಜಿಯ ಬಿಳಿ ಅಂಗಿ ಕಾಣುತ್ತಿತ್ತು.

ಆಗ ಲಿವರು ಕೈಬಿಟ್ಟಿತು.

ಚೈನು ಬಿದ್ದ ಸದ್ದು ಕೇಳಿಸಿತು. ಪೆಡಲು ಕಲ್ಲಾಯಿತು. ಮಂಡಿ ಹ್ಯಾಂಡಲ್ಲಿಗೆ ಬಡಿಯಿತು, ಮುಖ ಟಾರು ರಸ್ತೆಗೆ ಬಡಿಯಿತು. ಎದ್ದು ಕೂತಾಗ ಬಾಯಲ್ಲಿ ಏನೋ ಕಲ್ಲಿನಂಥದ್ದು ಸಿಕ್ಕಿತು. ಉಗುಳಿದೆ. ನನ್ನ ಮುಂದಿನ ಎರಡು ಹಲ್ಲು. ಬಲಭುಜದ ಹತ್ತಿರ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿಕೊಂಡು ನಿಂತಿತ್ತು. ನೀಲವ್ವ ಪಕ್ಕದಲ್ಲೇ ಹೋದಳು. ನಿಲ್ಲಲಿಲ್ಲ, ನಿಲ್ಲಲೂ ಬಾರದು. ಅವಳು ಗೆದ್ದಳು.

ಅಪ್ಪಾಜಿ ಓಡಿಬಂದರು. ಈ ಸಲ ಸೈಕಲನ್ನು ಎತ್ತಲಿಲ್ಲ. ನನ್ನ ಬಾಯನ್ನು ನೋಡಿ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಥಾಮಸ್ ಸಾರ್ ಬಂದು, "ಏನಾಯ್ತು? ಏನಾಯ್ತು ರುದ್ರಪ್ಪಾ?" ಎಂದು ಕೇಳಿದಾಗ ಅಪ್ಪಾಜಿ, "ಗಾಬರೀಲಿ ಲಿವರ್ ತಳ್ಳಿಬಿಟ್ಲು ಸಾರ್" ಎಂದರು. ನಾನು ಅದನ್ನು ಕೇಳಿಸಿಕೊಂಡೆ. ಬಾಯಿ ತುಂಬ ರಕ್ತವಿತ್ತು, ಅಲ್ಲವೆನ್ನಲು ಆಗಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಮಲಗಿ ಅದನ್ನೇ ಯೋಚಿಸಿದೆ. ತಳ್ಳಿದೆನೇನೋ. ಅವರು ನೋಡುತ್ತಿದ್ದರಲ್ಲ, ಅವರಿಗೇ ಗೊತ್ತಿರಬೇಕು ಎಂದುಕೊಂಡೆ.

ತುಮಕೂರಿನವರು ಆಸ್ಪತ್ರೆಗೆ ಬರಲಿಲ್ಲ. ನಾನು ಮನೆಗೆ ಬಂದ ಮೇಲೆ ಹುಡುಗನ ಸೋದರಮಾವ ಒಬ್ಬರೇ ಬಂದರು. ಬಾಗಿಲಲ್ಲೇ ನಿಂತು ನನ್ನ ಮುಖವನ್ನು ನೋಡಿ, ಒಳಗೆ ಬಂದು ನೀರನ್ನೂ ಕುಡಿಯದೆ, ಹುಡುಗನಿಗೆ ಈ ವರ್ಷ ಮದುವೆಯ ಯೋಗವಿಲ್ಲವಂತೆ ಎಂದು ಹೇಳಿಹೋದರು. ಅಂಗಳ ದಾಟುವಾಗ ಅವರು ಗಂಗತ್ತೆಗೆ ಹೇಳಿದ ಮಾತು ಕಿಟಕಿಯಲ್ಲಿ ಕೇಳಿಸಿತು. "ಕಾಲೊಂದೇ ಆಗಿದ್ರೆ ಸೀರೆ ಮುಚ್ತಿತ್ತು. ಬಾಯಿ ಯಾರು ಮುಚ್ತಾರೆ?" ಆ ತಿಂಗಳಲ್ಲೇ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು.

ಬಲಗೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದ ದಿನಗಳವು. ಸೈಕಲು ಮತ್ತೆ ಗೋಡೆಗೆ ಹೋಗಿರಲಿಲ್ಲ, ಹಿತ್ತಲ ಬಚ್ಚಲಿನ ಪಕ್ಕ ಒರಗಿ ನಿಂತಿತ್ತು. ಒಂದು ಮಧ್ಯಾಹ್ನ ಅಮ್ಮ ಅಕ್ಕಿ ಆರಿಸುತ್ತಿದ್ದಳು, ಅಪ್ಪಾಜಿ ಕೆಲಸಕ್ಕೆ ಹೋಗಿದ್ದರು. ಬೇಸರ ಕಳೆಯಲು ಹೋಗಿ ಬಲಗಡೆಯ ಲಿವರನ್ನು ಎಳೆದುಬಿಟ್ಟೆ. ಅದು ತಾನಾಗಿ ಮುಂದಕ್ಕೆ ಬಂತು. ಇನ್ನೊಮ್ಮೆ ಎಳೆದೆ. ಇನ್ನೊಮ್ಮೆ ಬಂತು. ಎಡಗೈಯಲ್ಲೇ ಸ್ಕ್ರೂ ಬಿಚ್ಚಿದೆ. ಒಂದೊಂದೇ ತುಂಡನ್ನು ನೆಲದ ಮೇಲೆ ಸಾಲಾಗಿ ಇಟ್ಟೆ.

ಕೆಂಪು ವಾಷರುಗಳಿರಲಿಲ್ಲ. ಅವುಗಳ ಜಾಗದಲ್ಲಿ ಹಿತ್ತಾಳೆಯವು ಇದ್ದವು. ಕನ್ನಡಿಯಂತೆ ಹೊಳೆಯುತ್ತಿದ್ದವು. ಮೇಲೆ ಒಂದು ತೊಟ್ಟು ಗ್ರೀಸು ಬೇರೆ ಸವರಿತ್ತು.

ಆ ಗ್ರೀಸನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದೆ. ಹಿತ್ತಾಳೆಯನ್ನು ಹಾಕಿದ್ದೇ ಸಾಕಾಗಿತ್ತು. ಅವರು ಯಾವ ಕೆಲಸವನ್ನೂ ಅರ್ಧ ಮಾಡುವವರಲ್ಲ.

"ಅಮ್ಮ, ಇದನ್ನ ಯಾರ್ ಬಿಚ್ಚಿದ್ದು?"

ಅಮ್ಮ ಅಕ್ಕಿಯಿಂದ ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ಆಮೇಲೆ, "ನೀವು ಬಳೆ ಅಂಗ್ಡಿಗೆ ಹೋದಾಗ" ಎಂದಳು.

"ನಿನಗೆ ಗೊತ್ತಿತ್ತಾ?"

"ಸೀಮೆಎಣ್ಣೆ ನಾನೇ ಬಗ್ಗಿಸಿಕೊಟ್ಟೆ" ಎಂದಳು. ಮತ್ತೆ ಮೊರ ಕೇರಿದಳು.

ಸಂಜೆ ಅಪ್ಪಾಜಿ ಬಂದಾಗ ನಡುಮನೆಯಲ್ಲಿ ಪೇಪರು ಹಾಸಿ ತುಂಡುಗಳನ್ನೆಲ್ಲ ಸರಿಯಾದ ಸಾಲಿನಲ್ಲಿ ಇಟ್ಟಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಅಂಗಿಯ ಗುಂಡಿಯನ್ನೂ ಬಿಚ್ಚಲಿಲ್ಲ.

"ಹೌದು. ನಾನೇ ಹಾಕ್ದೆ" ಎಂದರು. ಕೇಳುವ ಮೊದಲೇ.

"ಹೋಗ್ಬೇಡ ಅಂತ ಒಂದ್ ಮಾತು ಅನ್ನೋಕ್ ಆಗ್ತಿರ್ಲಿಲ್ವಾ ಅಪ್ಪಾಜಿ?"

"ಅಂದಿದ್ರೆ ಕೇಳ್ತಿದ್ಯಾ? ನೀನು ಸೆಲೆಕ್ಷನ್ನಿಗೆ ಹೋಗ್ತೀಯ ಅಂತ ಕಾರ್ಖಾನೆಗೆಲ್ಲ ಗೊತ್ತಿತ್ತು, ಕೋಚ್‌ಗೆ ಮಾತು ಕೊಟ್ಟಿದ್ದೆ. ಈ ಕಡೆ ತುಮಕೂರೋರಿಗೂ ಮಾತು ಕೊಟ್ಟಿದ್ದೆ. ನಾನೇನ್ ಮಾಡ್ಲಿ? ನೀನೇ ಸೋತು ಬಂದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ." ಗೋಡೆಯ ಮೊಳೆಗಳ ಕಡೆ ನೋಡುತ್ತಾ ಅಂದರು. "ನೀನು ಸೋಲ್ಲಿ ಅಂತ ಹಾಕಿದ್ದು ಕಣವ್ವ. ಬೀಳ್ಲಿ ಅಂತ ಅಲ್ಲ. ಜಾರಿದ್ರೆ ಕೈಲಿ ಹಿಡ್ಕೋತೀಯ ಅಂದ್ಕೊಂಡಿದ್ದೆ. ಮೊದ್ಲೆಲ್ಲ ಹಿಡ್ಕೋತಿದ್ದೆಯಲ್ಲ."

"ಜಾರಲ್ಲ ಅಂತ ನಂಬಿದ್ದೆ" ಎಂದೆ.

ಗಂಗತ್ತೆ ಒಳಗಿನಿಂದ, "ಆಗಿದ್ದಾಯ್ತು, ಊಟಕ್ಕೆ ಬನ್ನಿ" ಎಂದಳು. ಅವತ್ತು ಎಲ್ಲರೂ ಊಟ ಮಾಡಿದೆವು. ನಾನೂ ಮಾಡಿದೆ. ಅಗಿಯಲು ಆಗದ್ದರಿಂದ ಅಮ್ಮ ನನಗೆ ಅನ್ನವನ್ನು ಹಿಸುಕಿ ಕೊಟ್ಟಳು.

ಹಲ್ಲು ಕಟ್ಟಿಸಲು ಅಪ್ಪಾಜಿ ಗಾಂಧಿಬಜಾರಿನ ಡಾಕ್ಟರೊಬ್ಬರನ್ನು ಗೊತ್ತು ಮಾಡಿ ಬಂದರು. ನಾನು ಹೋಗಲಿಲ್ಲ. ನಾಳೆ ಎಂದೆ, ಬರುವ ವಾರ ಎಂದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ಗಂಗತ್ತೆ ಮಾತ್ರ ಸಂಬಂಧಗಳನ್ನು ಹುಡುಕುವುದನ್ನು ಬಿಡಲಿಲ್ಲ. ಆ ಬೇಸಿಗೆಯಲ್ಲಿ ಒಬ್ಬರ ಹಿಂದೆ ಒಬ್ಬರು ಬಂದರು. ಅರಸೀಕೆರೆಯವರು, ಚಿತ್ರದುರ್ಗದವರು, ಇಲ್ಲೇ ಬನಶಂಕರಿಯ ಅಂಗಡಿಯವರು. "ಬಾಯಿ ಮುಚ್ಕೊಂಡು ಕೂತ್ಕೋ, ಕೇಳಿದ್ದಕ್ಕೆ ತಲೆ ಆಡ್ಸು" ಎಂದು ಗಂಗತ್ತೆ ಹೇಳಿಕೊಡುತ್ತಿದ್ದಳು. ನಾನು ಸೀರೆ ಉಟ್ಟು, ಹೂ ಮುಡಿದು, ವಿಭೂತಿ ಇಟ್ಟುಕೊಂಡು, ತಟ್ಟೆ ಹಿಡಿದು ಬರುತ್ತಿದ್ದೆ. ಎಲ್ಲರಿಗೂ ಕೊಟ್ಟು, ಕೊನೆಗೆ ಅಪ್ಪಾಜಿಯ ಎದುರಿಗೆ ಕಾಣುವಂತೆ ಕೂತು, ಬಂದವರನ್ನು ನೋಡಿ ಬಾಯಿ ತುಂಬ ನಗುತ್ತಿದ್ದೆ.

ಆ ನಗುವನ್ನು ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಮೇಲಿನ ತುಟಿ ಪೂರ್ತಿ ಎದ್ದು ನಡುವಿನ ಕಪ್ಪು ಕಿಂಡಿ ಚೆನ್ನಾಗಿ ಕಾಣಬೇಕು. ಬಂದವರ ಕೈಯಲ್ಲಿ ಉಪ್ಪಿಟ್ಟು ಹಾಗೇ ನಿಲ್ಲುತ್ತಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಮೇಲೆ ನಾನು ಅವರನ್ನು ನೋಡುತ್ತಿರಲಿಲ್ಲ, ಅಪ್ಪಾಜಿಯನ್ನು ನೋಡುತ್ತಿದ್ದೆ. ಅವರು ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಕೂತಿರುತ್ತಿದ್ದರು. ಒಂದು ಸಲ ಯಾರೋ, "ಹೇಗಾಯ್ತಮ್ಮ ಇದು?" ಎಂದು ಕೇಳಿಯೇಬಿಟ್ಟರು. "ನಮ್ಮ ಅಪ್ಪಾಜಿ ಹೇಳ್ತಾರೆ, ಅವ್ರಿಗೇ ಗೊತ್ತು" ಎಂದೆ. ಅಪ್ಪಾಜಿ ಎದ್ದು ಹಿತ್ತಲಿಗೆ ಹೋದವರು ಅವರೆಲ್ಲ ಹೊರಟುಹೋಗುವವರೆಗೂ ಬರಲಿಲ್ಲ.

ಆ ದಿನ ನಾನು ತಟ್ಟೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು. "ಹಲ್ಲು ಕಟ್ಟಿಸ್ಕೋ ಗಿರಿಜಾ. ಕೈ ಮುಗೀತೀನಿ" ಎಂದರು. ನಿಜಕ್ಕೂ ಮುಗಿದಿದ್ದರು. ಎಣ್ಣೆಗಪ್ಪು ಕೂತ ಬೆರಳುಗಳು.

"ಮುಂದಿನ ಸೆಲೆಕ್ಷನ್ ಆದ್ಮೇಲೆ" ಎಂದೆ.

ಅವರು ಒಳಗೆ ಹೋದರು. ಮರುದಿನ ಬೆಳಿಗ್ಗೆ ಸೈಕಲ್ಲಿನ ಸೀಟಿನ ಮೇಲೆ ಒಂದು ಬೆಂಕಿಪೊಟ್ಟಣ ಇತ್ತು. ಒಳಗೆ ನಮ್ಮ ಕೆಂಪು ವಾಷರುಗಳು. ಎಸೆದಿರಲಿಲ್ಲ ಅವರು. ನಾನು ಅವನ್ನು ಒಲೆಗೆ ಹಾಕಿ, ಹನುಮಂತನಗರಕ್ಕೆ ನಡೆದು ಹೋಗಿ ಹೊಸ ಫೈಬರ್ ತುಂಡು ತಂದು, ಬೇರೆಯವನ್ನು ನಾನೇ ಕತ್ತರಿಸಿದೆ.

ಭುಜದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಬಾಗಿ ಹ್ಯಾಂಡಲ್ಲು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಬಲಗೈ ಜೋಮು ಹಿಡಿಯುತ್ತಿತ್ತು. ಆದರೂ ಮಳೆಗಾಲ ಶುರುವಾದದ್ದೇ ರಸ್ತೆಗಿಳಿದೆ. ಈಗ ಹಿಂದೆ ಮೊಪೆಡ್ಡು ಇರಲಿಲ್ಲ. ಭಾನುವಾರ ನಡುಮನೆಯಲ್ಲಿ ನಾನೊಬ್ಬಳೇ ಪೇಪರು ಹಾಸಿಕೊಂಡು ಕೂರುತ್ತಿದ್ದೆ. ಅಪ್ಪಾಜಿ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಒಮ್ಮೆ ಒಂದು ಬಿಲ್ಲೆ ಉರುಳಿಕೊಂಡು ಅವರ ಕಾಲ ಹತ್ತಿರ ಹೋಯಿತು. ಎತ್ತಿಕೊಡಲು ಬಗ್ಗಿದರು. "ಮುಟ್ಬೇಡಿ" ಎಂದೆ. ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಅಂದಿನಿಂದ ಸೈಕಲ್ಲು ಇದ್ದ ಮೂಲೆಯ ಕಡೆಗೇ ಅವರು ಸುಳಿಯಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಗೋಡೆಗೆ ಒತ್ತಿಕೊಂಡು, ಬಟ್ಟೆ ತಾಗದಂತೆ ಹೋಗುತ್ತಿದ್ದರು. ನಾನು ಅದನ್ನು ನೋಡಿ ಸುಖಪಟ್ಟೆ. ಆ ವರ್ಷ ನನಗೆ ಸಿಕ್ಕ ಸುಖ ಅದೊಂದೇ.

ಮತ್ತೆ ದಸರಾ ಕಳೆಯಿತು. ಮತ್ತೆ ಕನಕಪುರ ರಸ್ತೆ, ಅದೇ ಏರು. ನೀಲವ್ವ ಈ ಸಲವೂ ಬಂದಿದ್ದಳು. ನನ್ನ ಬಾಯಿ ನೋಡಿ ಅವಳ ಕಣ್ಣಲ್ಲಿ ನೀರು ಬಂತು. "ಅವತ್ತ ನಾ ನಿಲ್ಲಬೇಕಿತ್ತ ಯಕ್ಕಾ" ಎಂದಳು. "ನಿಂತಿದ್ರೆ ನಿಂಗೆ ಹುಚ್ಚು ಅಂತಿದ್ದೆ" ಎಂದೆ. ಇಬ್ಬರೂ ನಕ್ಕೆವು. ವರ್ಷದಲ್ಲಿ ಮೊದಲ ಸಲ ನಾನು ಅಭ್ಯಾಸ ಮಾಡದ ನಗು ನಕ್ಕಿದ್ದು ಆಗ.

ಲಿವರು ಎಳೆದಲ್ಲಿ ನಿಂತಿತು. ಏರಿನ ಬುಡದಲ್ಲಿ ನಾವು ಐದಾರು ಮಂದಿ ಒಟ್ಟಿಗಿದ್ದೆವು. ಎದ್ದು ನಿಂತು ತುಳಿದೆ. ಗೇರು ಕಲ್ಲಿನಂತೆ ಹಿಡಿದಿತ್ತು, ಚೈನು ಹಾಡುತ್ತಿತ್ತು, ನನ್ನ ಕೈಕೆಲಸದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ನೀಲವ್ವ ಮುಂದೆ ಹೋದಳು. ಅವಳ ಹಿಂದೆ ಧಾರವಾಡದ ಒಬ್ಬಳು ಹೋದಳು. ಮೂರನೆಯವಳಾಗಿ, ನನಗಿಂತ ಚಿಕ್ಕವಳು, ಮೈಸೂರಿನ ಕಡೆಯವಳು, ನನ್ನನ್ನು ನೋಡದೆಯೇ ದಾಟಿ ಹೋದಳು. ಬಲಗೈ ಜೋಮು ಹಿಡಿದಿತ್ತು, ಆದರೆ ಕೈಯ ನೆಪ ಹೇಳುವಂತಿರಲಿಲ್ಲ. ಅವಳು ನನಗಿಂತ ಜೋರಾಗಿದ್ದಳು, ಅಷ್ಟೇ. ಸೋಲನ್ನು ಹೊರಿಸಲು ಈ ಸಲ ಯಾರೂ ಇರಲಿಲ್ಲ. ನಾನು ನಾಲ್ಕನೆಯವಳಾಗಿ ಗೆರೆ ದಾಟಿದೆ.

ಥಾಮಸ್ ಸಾರ್ ಭುಜ ತಟ್ಟಿ ಮುಂದೆ ಹೋದರು. ಆರಿಸಿಕೊಂಡ ಮೂವರನ್ನು ಒಂದು ಕಡೆ ಕರೆದು ನಿಲ್ಲಿಸುತ್ತಿದ್ದರು. ನಾನು ಸೈಕಲ್ಲಿನಿಂದ ಇಳಿದು ಹುಣಸೆಮರದ ಕೆಳಗೆ ನಿಂತೆ. ಅಪ್ಪಾಜಿ ಜನರ ನಡುವಿನಿಂದ ಬಂದರು. ಸೈಕಲ್ಲಿನಿಂದ ಮಾರು ದೂರದಲ್ಲೇ ನಿಂತರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಈ ಸಲ ನಾನು ಮುಟ್ಟಿಲ್ಲ ಕಣವ್ವ" ಎಂದರು. "ದೇವ್ರಾಣೆ ಮುಟ್ಟಿಲ್ಲ."

"ಗೊತ್ತು" ಎಂದೆ.

ಅವರು ಇನ್ನೂ ನಿಂತೇ ಇದ್ದರು. ನಾನು ಸೈಕಲ್ಲನ್ನು ತಿರುಗಿಸಿ, ಊರಿನ ಕಡೆ ಮುಖ ಮಾಡಿ, ಅವರ ಮುಖ ನೋಡದೆ ಹೇಳಿದೆ.

"ಮುಟ್ಟಿದ್ರೆ ಚೆನ್ನಾಗಿತ್ತು ಅಪ್ಪಾಜಿ."